ಓದುವವರ ಪಕ್ಕದಲ್ಲಿ ಕೂತವರು



ಕಾದಂಬರಿ ಓದುವ ಸುಖದ ಬಗ್ಗೆ ಮಾತಾಡಬೇಕು ಎಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮಜ್ಜಿಯ ಕಿವಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆ, ಅದರ ಉದ್ದನೆಯ ಜಗಲಿ, ಹೊರಗೆ ಆಷಾಢದ ಮಳೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನಾಗ ಹೈಸ್ಕೂಲು ಹುಡುಗಿ. ಹೊಳೆ ಏರಿ ಶಾಲೆಗೆ ರಜೆ ಸಿಕ್ಕ ದಿನಗಳಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಅಜ್ಜಿ ಕವಳದ ಹರಿವಾಣ ಹತ್ತಿರಕ್ಕೆ ಎಳೆದುಕೊಂಡು ಕಂಬಕ್ಕೆ ಒರಗಿ ಕೂತಳೆಂದರೆ, ಪುಸ್ತಕ ತಾ ಎಂದೇ ಅರ್ಥ.

ಆ ಮಳೆಗಾಲವಿಡೀ ನಾನು ಅವಳಿಗೆ ಓದಿ ಹೇಳಿದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಆ ಕಾದಂಬರಿ ಅಚ್ಚಾದದ್ದು 1967ರಲ್ಲಿ. ನಮ್ಮ ಕೈಗೆ ಬರುವ ಹೊತ್ತಿಗೆ ಹತ್ತು ವರ್ಷ ಕಳೆದು, ರಟ್ಟಿನ ಮೂಲೆಗಳು ಸವೆದಿದ್ದವು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆ ಪುಸ್ತಕದೊಳಗಿನ ಕಾಡು, ಕಂಬಳಿಕೊಪ್ಪೆ, ಗದ್ದೆಯಂಚಿನ ಕಾಲುದಾರಿ, ಎಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಯಾವುದಾದರೂ ಮಾತನ್ನು ಎಡವಿ ಓದಿದರೆ ಅಲ್ಲಿಯೇ ತಿದ್ದುತ್ತಿದ್ದಳು. ಇಡೀ ಕಥೆಯಲ್ಲಿ ಅವಳಿಗೆ ಹೆಚ್ಚು ಹತ್ತಿರವಾದದ್ದು ಗುತ್ತಿಯ ನಾಯಿ, ಹುಲಿಯ. ಗುತ್ತಿಯನ್ನು ಊರವರು ನಾಯಿಗುತ್ತಿ ಎಂದೇ ಕರೆಯುವಷ್ಟು ಆ ನಾಯಿ ಅವನ ಹಿಂದೆಯೇ ಇರುತ್ತದೆ. ದಿನಾ ನಾನು ಪುಸ್ತಕ ಬಿಡಿಸುವಾಗ ಅಜ್ಜಿ ಕೇಳುತ್ತಿದ್ದ ಮೊದಲ ಮಾತು, "ನಿನ್ನೆ ಹುಲಿಯನ್ನ ಎಲ್ಲಿ ಬಿಟ್ಟಿದ್ವೆ ಮಗಾ?"

ಕೊನೆಯ ಪುಟಗಳನ್ನು ಓದಬೇಕಾದ ದಿನ ನಾನೊಂದು ಕೆಲಸ ಮಾಡಿದೆ. ಅದೇನೆಂದು ಈ ಮಾತು ಮುಗಿಯುವ ಮೊದಲು ಹೇಳುತ್ತೇನೆ.

ಕಾದಂಬರಿ ಓದುವುದು ಏಕಾಂತದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಒಬ್ಬರು ಓದುತ್ತಾ ಕೂತರೆ, "ಅವಳಿಗೆ ಪುಸ್ತಕ ಸಿಕ್ಕಿದರೆ ಯಾರೂ ಬೇಡ" ಎನ್ನುವುದು ವಾಡಿಕೆ. ಐವತ್ತು ವರ್ಷ ಓದಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಒಬ್ಬಳೇ ಕೂತು ಓದಿದ ಕಾದಂಬರಿ ಒಂದೂ ಇಲ್ಲ ಎಂದೇ ಹೇಳಬೇಕು. ಪಕ್ಕದಲ್ಲಿ ಯಾರಾದರೂ ಕೂತೇ ಇರುತ್ತಾರೆ. ಕೆಲವರು ಕಣ್ಣಿಗೆ ಕಾಣುತ್ತಾರೆ, ಕೆಲವರು ಕಾಣುವುದಿಲ್ಲ.

ನಮ್ಮ ನಾಡಿನಲ್ಲಿ ಓದು ಎಂಬುದೇ ಹಾಗೆ ಶುರುವಾದದ್ದು. ಮಳೆಗಾಲದ ರಾತ್ರಿ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಜೈಮಿನಿ ಭಾರತವನ್ನೋ ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೂತು ಕೇಳುತ್ತಿತ್ತು. ಆ ಜಾಗಕ್ಕೆ ಕಾದಂಬರಿ ಬಂದು ಕೂತದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಅತ್ತ ಹಾವೇರಿ ಸೀಮೆಯಲ್ಲಿ ಗಳಗನಾಥರು ಬರೆಯತೊಡಗಿದರು.

ಗಳಗನಾಥರ ವಿಷಯ ಬಂದಾಗ ಓದುಗರಾದ ನಾವು ಒಂದು ಗಳಿಗೆ ನಿಲ್ಲಬೇಕು. ವಿಜಯನಗರದ ಕಥೆಯಾದ 'ಮಾಧವ ಕರುಣಾ ವಿಲಾಸ'ದಂಥ ದೊಡ್ಡ ಕಾದಂಬರಿಗಳನ್ನು ಬರೆದವರು ಅವರು. ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಆಗ ಕನ್ನಡ ಕಾದಂಬರಿ ಓದುವವರು ಎಂಬ ಒಂದು ವರ್ಗವೇ ಇರಲಿಲ್ಲ, ಅದನ್ನು ಅವರು ಮನೆಮನೆಯ ಬಾಗಿಲು ತಟ್ಟಿ ಕಟ್ಟಿದರು. ಇವತ್ತು ನಾನು ಪುಸ್ತಕದಂಗಡಿಗೆ ಹೋಗಿ, ಕಪಾಟಿನ ಮುಂದೆ ನಿಂತು, ಇದು ಬೇಕೋ ಅದು ಬೇಕೋ ಎಂದು ಆರಿಸುವಾಗ, ಬಿಸಿಲಲ್ಲಿ ನಡೆದುಬಂದ ಗಳಗನಾಥರ ನೆನಪಾಗುತ್ತದೆ. ಓದುವವರ ಪಕ್ಕ ಕೂತವರಲ್ಲಿ ಅವರೇ ಮೊದಲಿಗರು.

ಆಮೇಲೆ ವಾರಪತ್ರಿಕೆಗಳ ಕಾಲ ಬಂತು. ನಮ್ಮ ತಲೆಮಾರಿನವರಿಗೆ ಧಾರಾವಾಹಿ ಎಂದರೆ ಟೀವಿಯ ಮಾತಲ್ಲ. 'ಪ್ರಜಾಮತ', 'ಕರ್ಮವೀರ', 1965ರಲ್ಲಿ ಶುರುವಾದ 'ಸುಧಾ', ಇವುಗಳಲ್ಲಿ ವಾರಕ್ಕೆ ಇಷ್ಟಿಷ್ಟೇ ಬರುತ್ತಿದ್ದ ಕಾದಂಬರಿ. ಕಂತಿನ ತುದಿಯಲ್ಲಿ, ಆವರಣದೊಳಗೆ, 'ಮುಂದುವರಿಯುವುದು' ಎಂಬ ಒಂದೇ ಪದ ಇರುತ್ತಿತ್ತು. ಏಳು ದಿನ ಮನೆಯ ಹೆಂಗಸರೆಲ್ಲ ಆ ಪದದ ಮೇಲೆ ಬದುಕುತ್ತಿದ್ದರು. ಪತ್ರಿಕೆ ಬಸ್ಸಿನಲ್ಲಿ ಬರುವುದು. ಮನೆಗೆ ತಂದವರಿಗೆ ಮೊದಲು ಓದುವ ಹಕ್ಕು, ಅದಾದ ಮೇಲೆ ಅಮ್ಮನಿಗೆ, ಆಮೇಲೆ ಆಚೆಮನೆಯ ಚಿಕ್ಕಮ್ಮನಿಗೆ. ಎಲ್ಲರದೂ ಆದ ಮೇಲೆ ಅಮ್ಮ ಆ ಹಾಳೆಗಳನ್ನು ಬಿಡಿಸಿ ತೆಗೆದು ಪೆಟ್ಟಿಗೆಯಲ್ಲಿಡುತ್ತಿದ್ದಳು. ಕಥೆ ಮುಗಿದಾಗ ದಬ್ಬಣ ಮತ್ತು ಗೋಣಿದಾರ ಹಿಡಿದು ಹೊಲಿದರೆ ಪುಸ್ತಕ ಸಿದ್ಧ. ಅದರ ನಡುನಡುವೆ ಸಾಬೂನಿನ ಜಾಹೀರಾತು, ಅರ್ಧ ಅಡುಗೆ ವಿಧಾನ, ಬೇರೆ ಯಾರದೋ ಕಥೆಯ ಬಾಲ, ಎಲ್ಲ ಇರುತ್ತಿದ್ದವು.

ಒಂದು ಸಲ ಗಾಳಿಮಳೆಗೆ ಮರ ಬಿದ್ದು ಬಸ್ಸು ನಿಂತು, ಒಂದು ವಾರದ ಸಂಚಿಕೆ ಬರಲೇ ಇಲ್ಲ. ಹಿಂದಿನ ವಾರ ನಾಯಕಿ ಅತ್ತೆಯ ಮನೆ ಬಿಟ್ಟು ಬಂದು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಳು. ಮುಂದಿನ ವಾರ ನೋಡಿದರೆ ಬೇರೊಂದು ಊರಿನಲ್ಲಿ ಪಾಠ ಹೇಳುತ್ತಿದ್ದಾಳೆ. ನಡುವೆ ಏನಾಯಿತು? ಅಮ್ಮ ಮತ್ತು ಚಿಕ್ಕಮ್ಮ ಅಡಿಕೆ ಸುಲಿಯುತ್ತಾ ಆ ವಾರವನ್ನು ತಾವೇ ಕಟ್ಟಿದರು. ತವರಿನ ಅಣ್ಣ ಬಂದು ಕರೆದುಕೊಂಡು ಹೋಗಿರಬೇಕು ಎಂದು ಅಮ್ಮ. ಯಾವ ಅಣ್ಣನೂ ಬಂದಿರಲಾರ, ಬೆಂಚಿನ ಮೇಲೆ ಜೊತೆಗೆ ಕೂತ ಇನ್ನೊಬ್ಬ ಹೆಂಗಸು ದಾರಿ ತೋರಿಸಿರಬೇಕು ಎಂದು ಚಿಕ್ಕಮ್ಮ. ತವರಿನ ಬೆಂಬಲ ಇದ್ದವಳು ಒಂದು ರೀತಿ ಊಹಿಸಿದಳು, ಇಲ್ಲದವಳು ಇನ್ನೊಂದು ರೀತಿ. ಇಬ್ಬರೂ ತಮ್ಮ ಬದುಕಿನಿಂದ ಒಂದು ತುಂಡು ಕಿತ್ತು ಆ ಖಾಲಿ ಜಾಗಕ್ಕೆ ಇಟ್ಟಿದ್ದರು. ಬರೆದವರು ಬಿಟ್ಟ ಖಾಲಿ ಜಾಗಗಳನ್ನು ಓದುವವರು ತುಂಬುವುದು ಹೀಗೆಯೇ ಎಂಬುದನ್ನು ನಾನು ಅಡಿಕೆ ಸುಲಿಯುವ ಆ ಅಂಗಳದಲ್ಲಿ ಕಲಿತೆ.

ಮದುವೆಯಾಗಿ ಪೇಟೆಗೆ ಬಂದ ಮೇಲೆ ನನ್ನ ಪಕ್ಕಕ್ಕೆ ಬಂದವರು ಮುಖ ಕಾಣದ ಜನ. ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಅಂಗಡಿಗಳು ಆಗ ಬೀದಿಗೊಂದಿದ್ದವು. ಅಲ್ಲಿಯ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಿಳಿ ಶಾಯಿಯ ನಂಬರು. ಒಳಗೆ ಅಂಚಿನಲ್ಲಿ ಪೆನ್ಸಿಲಿನ ಅಕ್ಷರಗಳು. ತ್ರಿವೇಣಿಯವರ 'ಶರಪಂಜರ' ನನಗೆ ಸಿಕ್ಕಿದ್ದು ಅಂಥ ಒಂದು ಪ್ರತಿಯಲ್ಲಿ. ಬಾಣಂತಿತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ಮೊದಲಿನಂತೆ ನೋಡುವುದಿಲ್ಲ. ನಕ್ಕರೆ ಅನುಮಾನ, ಅತ್ತರೆ ಅನುಮಾನ. ಅಂಥ ಒಂದು ಪುಟದ ಅಂಚಿನಲ್ಲಿ ಯಾರೋ ಪುಟ್ಟದಾಗಿ 'ನನಗೂ' ಎಂದು ಬರೆದಿದ್ದರು. ಅಷ್ಟೇ. ಹೆಸರಿಲ್ಲ, ತಾರೀಖಿಲ್ಲ. ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ನಮ್ಮದೇ ಬಡಾವಣೆಯಲ್ಲಿ, ನಾನು ತರಕಾರಿ ಕೊಳ್ಳುವ ಅಂಗಡಿಯಲ್ಲೇ ಕೊಳ್ಳುವ ಹೆಂಗಸೊಬ್ಬಳು ಇದನ್ನು ಯಾರಿಗೂ ಹೇಳಲಾಗದೆ ಪುಸ್ತಕಕ್ಕೆ ಹೇಳಿದ್ದಳು. ಆ ಪುಸ್ತಕ ನನಗೆ ಹೇಳಿತು.

ಇದರಿಂದಲೇ ನನ್ನ ಒಂದು ಗಟ್ಟಿ ಅಭಿಪ್ರಾಯ ಹುಟ್ಟಿದೆ. ಕೆಲವರು ಕಾದಂಬರಿಗಳನ್ನು ಜನಪ್ರಿಯ, ಗಂಭೀರ ಎಂದು ಎರಡು ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸುತ್ತಾರೆ. ಹೆಂಗಸರು ಬರೆದದ್ದು, ಹೆಂಗಸರು ಹೆಚ್ಚಾಗಿ ಓದಿದ್ದು ಹೊರಗಿನ ಪಂಕ್ತಿಗೆ. ನನಗೆ ಈ ಪಂಕ್ತಿಭೇದ ಒಪ್ಪಿಗೆಯಿಲ್ಲ. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡಕ್ಕೆ ಸಾವಿರಾರು ಓದುಗರನ್ನು ಕೊಟ್ಟರು. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟು ಸಣ್ಣ ಬದುಕಿನಲ್ಲಿ, ಮನಸ್ಸಿನ ಕಾಯಿಲೆ ಶಾಪವೂ ಅಲ್ಲ, ದೆವ್ವವೂ ಅಲ್ಲ ಎಂಬುದನ್ನು ಕನ್ನಡದ ಅಡುಗೆಮನೆಗಳಿಗೆ ಮುಟ್ಟಿಸಿದರು. ನಮ್ಮ ತೀರ್ಥಹಳ್ಳಿಯವರೇ ಆದ ಎಂ. ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕೂತವರು. ಅವರ 'ಫಣಿಯಮ್ಮ' ಅವರದೇ ಮನೆತನದ ಬಾಲವಿಧವೆಯೊಬ್ಬರ ಬದುಕು. ಒಬ್ಬರು ಇನ್ನೊಬ್ಬರಿಗೆ ಪಿಸುಮಾತಿನಲ್ಲಿ ಹೇಳಿದ್ದು ಮೂರನೆಯವರ ಕೈಯಲ್ಲಿ ಪುಸ್ತಕವಾಯಿತು. ಅಂಥದನ್ನು ಓದಿ ಒಬ್ಬ ಮನುಷ್ಯ ಬೇರೆ ಥರ ಯೋಚಿಸುವಂತಾದರೆ, ಅದಕ್ಕಿಂತ ಗಂಭೀರವಾದದ್ದು ಇನ್ನೇನಿದೆ?

ಇನ್ನು ದಿನನಿತ್ಯದ ಸುಖಗಳ ಮಾತು. ಓದುಗರ ಮನೆಯಲ್ಲಿ ಇರುವವರ ಸಂಖ್ಯೆ ಪಡಿತರ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು. ತಿಂಗಳ ಕೊನೆಗೆ ಮನೆಖರ್ಚಿನ ಲೆಕ್ಕ ಬರೆಯಲು ಕೂತಾಗ ನನ್ನ ಪಕ್ಕದಲ್ಲಿ ಭೈರಪ್ಪನವರ 'ಗೃಹಭಂಗ'ದ ನಂಜಮ್ಮ ಇರುತ್ತಾಳೆ. ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕಿದವಳು. ಅವಳ ಮುಂದೆ ನನ್ನ ಲೆಕ್ಕ ಕೂಡದೆ ಇರುವುದು ದೊಡ್ಡ ಕಷ್ಟ ಎನಿಸುವುದಿಲ್ಲ. ಹಿತ್ತಿಲಿನ ಮರದ ಮೇಲೆ ಓತಿಕೇತ ತಲೆಯಾಡಿಸಿದರೆ ತೇಜಸ್ವಿಯವರ ಮಂದಣ್ಣ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. 'ಕರ್ವಾಲೊ' ಓದುವ ಮೊದಲು ಅದು ನನಗೆ ಬರೀ ಓತಿಕೇತ. ಈಗ ಒಂದು ನಿಮಿಷ ನಿಂತು ನೋಡದೆ ಹೋಗಲಾರೆ. ಕರಾವಳಿಯ ರೈಲಿನಲ್ಲಿ ಕೂತರೆ, ಕಿಟಕಿಯಾಚೆ ಗದ್ದೆಯಲ್ಲಿ ಬಾಗಿದ ಬೆನ್ನುಗಳನ್ನು ಕಂಡಾಗ, ಕಾರಂತರ 'ಮರಳಿ ಮಣ್ಣಿಗೆ'ಯ ಪಾರೋತಿ, ಸರಸೋತಿ ಇವರೇ ಇರಬೇಕು ಎನಿಸುತ್ತದೆ.

ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಕಣ್ಣಿನಲ್ಲಿ ಓದಲು ಹೋಗಿ ಸೋತೆ. ಮಲೆನಾಡಿನ ಕಿವಿಗೆ ನಂಜನಗೂಡು ಸೀಮೆಯ ಆ ಮಾತು ಹೊಸದು. ಒಂದು ರಾತ್ರಿ ಬಾಗಿಲು ಹಾಕಿಕೊಂಡು ದನಿಯೆತ್ತಿ ಓದಿದೆ. ಎರಡನೆಯ ಪುಟಕ್ಕೆ ಮಾತು ಬಿಚ್ಚಿಕೊಂಡಿತು. ಊರಿನ ಮನೆಮನೆಯ ದೀಪದ ಜೋತಮ್ಮಂದಿರು ಒಂದೆಡೆ ಸೇರಿ ಸುಖದುಃಖ ಮಾತಾಡಿಕೊಳ್ಳುವ ಭಾಗ ಬಂದಾಗ ನಾನೂ ಅವರ ನಡುವೆ ಕೂತಿದ್ದೆ. ನಮ್ಮ ಸೀಮೆಯದಲ್ಲದ ಕನ್ನಡ ಅರ್ಥವಾಗುವುದಿಲ್ಲ ಎಂದು ಪುಸ್ತಕ ಕೆಳಗಿಡುವವರಿಗೆ ನನ್ನ ಒಂದೇ ಬೇಡಿಕೆ: ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಸಿಗದ ಅರ್ಥವನ್ನು ಕಿವಿ ಹಿಡಿಯುತ್ತದೆ.

ಎರಡು ಅಭಿಪ್ರಾಯ ಇನ್ನೂ ಇವೆ. ಮೊದಲನೆಯದು ಮರು ಓದಿನದು. ಇಪ್ಪತ್ತರ ವಯಸ್ಸಿನಲ್ಲಿ ನಾನು ಭೈರಪ್ಪನವರ 'ವಂಶವೃಕ್ಷ' ಓದಿದಾಗ ಪೂರ್ತಿಯಾಗಿ ಕಾತ್ಯಾಯನಿಯ ಕಡೆಯವಳು. ಗಂಡ ಸತ್ತ ಮೇಲೆ ಅವಳಿಗೆ ಇನ್ನೊಂದು ಬದುಕು ಬೇಡವೇ ಎಂದು ಅವಳ ಮಾವ ಶ್ರೀನಿವಾಸ ಶ್ರೋತ್ರಿಗಳ ಮೇಲೆ ಸಿಟ್ಟು. ಐವತ್ತು ದಾಟಿ ಮತ್ತೆ ಓದಿದೆ. ಕಾತ್ಯಾಯನಿಯ ಪಕ್ಷ ಬಿಡಲಿಲ್ಲ. ಆದರೆ ಈ ಸಲ ಆ ಮುದುಕನ ಒಂಟಿತನವೂ ಕಂಡಿತು, ತಮ್ಮ ಹುಟ್ಟಿನ ಗುಟ್ಟು ತಿಳಿದ ಗಳಿಗೆಯಲ್ಲಿ ಅವರು ಅನುಭವಿಸಿದ್ದು ಎದೆಗೆ ತಾಗಿತು. ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ನಡುವಿನ ಮೂವತ್ತು ವರ್ಷದಲ್ಲಿ ನಾನು ಇಬ್ಬರು ಹಿರಿಯರನ್ನು ನೋಡಿಕೊಂಡಿದ್ದೆ, ಇಬ್ಬರನ್ನೂ ಕಳಿಸಿಕೊಟ್ಟಿದ್ದೆ. ಆದ್ದರಿಂದ ಹಿಡಿಸದ ಒಳ್ಳೆಯ ಪುಸ್ತಕವನ್ನು ಕೊಟ್ಟುಬಿಡಬೇಡಿ, ಮೇಲಿನ ಕಪಾಟಿನಲ್ಲಿಡಿ. ನೀವು ಬರುವವರೆಗೆ ಅದು ಕಾಯುತ್ತದೆ.

ಎರಡನೆಯದು, ಕೊನೆ ತಿಳಿದರೆ ಓದಿನ ರುಚಿ ಕೆಟ್ಟಿತು ಎನ್ನುವವರ ಕುರಿತು. ಪತ್ತೇದಾರಿ ಕಥೆಗೆ ಆ ಮಾತು ಸರಿ. ಉಳಿದವಕ್ಕೆ ಸಲ್ಲದು. ತ. ರಾ. ಸುಬ್ಬರಾಯರು ತಮ್ಮ ಕೊನೆಯ ದೊಡ್ಡ ಕಾದಂಬರಿಗೆ 'ದುರ್ಗಾಸ್ತಮಾನ' ಎಂದೇ ಹೆಸರಿಟ್ಟರು. ಕೊನೆಯನ್ನು ರಟ್ಟಿನ ಮೇಲೆಯೇ ಅಚ್ಚು ಹಾಕಿದಂತಾಯಿತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಬಿಡಿಸುವಾಗಲೇ 1834ರಲ್ಲಿ ಕೊಡಗು ಹೋಗುತ್ತದೆ ಎಂಬುದು ತಿಳಿದಿರುತ್ತದೆ. ಹಾಗಿದ್ದೂ ಓದುತ್ತೇವೆ. ದುರ್ಗದ ದೊರೆ ಮದಕರಿ ನಾಯಕ ಸೋಲುತ್ತಾನೆ ಎಂದು ಗೊತ್ತಿದ್ದೇ, ಈ ಸಲ ಒಂದು ಬಾಗಿಲಾದರೂ ನಿಲ್ಲಲಿ ಎಂದು ಮನಸ್ಸು ಹಾರೈಸುತ್ತದೆ. ಸೋಲುವವನ ಜೊತೆ ಕಡೆಯವರೆಗೂ ಇರುವುದಕ್ಕಾಗಿ ನಾವು ಅಷ್ಟು ಪುಟ ನಡೆಯುತ್ತೇವೆ.

ಈ ಮಾತನ್ನು ನನಗೆ ಕಲಿಸಿದವಳು ನಮ್ಮಜ್ಜಿ. ಈಗ ಆ ಕೊನೆಯ ದಿನದ ಸಂಗತಿ ಹೇಳುತ್ತೇನೆ.

'ಮದುಮಗಳು' ಕಾದಂಬರಿಯ ತುದಿಯಲ್ಲಿ ಗುತ್ತಿ ಮತ್ತು ಅವನ ಹುಡುಗಿ ತಿಮ್ಮಿ ತುಂಬಿದ ತುಂಗೆಯನ್ನು ದಾಟಬೇಕು. ಒಡೆಯನನ್ನು ಬಿಡಲಾರದ ಹುಲಿಯ ಹೊಳೆಗಿಳಿಯುತ್ತದೆ. ಹೊಳೆ ಅದನ್ನು ಸೆಳೆದೊಯ್ಯುತ್ತದೆ. ಓದುತ್ತಿದ್ದಂತೆ ನನ್ನ ಕಣ್ಣು ಸಾಲಿಗಿಂತ ಮುಂದೆ ಓಡಿ, ಏನಾಗಲಿದೆ ಎಂದು ಕಂಡುಬಿಟ್ಟಿತು. ಪಕ್ಕದಲ್ಲಿ ಅಜ್ಜಿ, ಮುಖವನ್ನು ನನ್ನ ದನಿಯ ಕಡೆ ತಿರುಗಿಸಿ ಕೂತಿದ್ದಾಳೆ. ನನ್ನ ಬಾಯಿಂದ ಅದು ಹೊರಡಲಿಲ್ಲ. ಹಾಳೆ ಮಗುಚಿದೆ. ಆ ಸಾಲುಗಳನ್ನು ಬಿಟ್ಟು ಮುಂದೆ ಓದಿ ಮುಗಿಸಿದೆ.

"ಹುಲಿಯ?" ಎಂದಳು ಅಜ್ಜಿ.

"ದಾಟ್ತು ಅಜ್ಜಿ" ಎಂದೆ.

ಅವಳು ಏನೂ ಹೇಳಲಿಲ್ಲ. ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಒಳಗೆ ಹೋದಳು. ರಾತ್ರಿ ಅವಳ ಪಕ್ಕ ಮಲಗಿದ್ದೆ. ಹೊರಗೆ ಹೆಂಚಿನ ಮೇಲೆ ಮಳೆಯ ಸದ್ದು. ಕತ್ತಲಲ್ಲಿ ಅವಳ ದನಿ ಕೇಳಿತು.

"ಮಗಾ, ಮಳೆಗಾಲದ ತುಂಗೆ ನಾನು ನೋಡದ್ದಲ್ಲ. ಅದು ನಾಯಿನ ದಾಟ್ಸೋ ಹೊಳೆ ಅಲ್ಲ. ನಿನ್ ದನೀನೂ ಒಡೆದಿತ್ತು."

ನಾನು ಸುಮ್ಮನೆ ಅಳತೊಡಗಿದೆ. ಅವಳು ನನ್ನ ತಲೆ ಸವರುತ್ತಾ ಹೇಳಿದಳು.

"ಬಿಟ್ಟಿದ್ದು ನಾಳೆ ಓದು. ಅಷ್ಟು ದಿನ ಅವನ ಜೊತಿಗೆ ನಡೆದು, ನಾಯಿ ಹೋಗೋ ಹೊತ್ತಿಗೆ ಗುತ್ತೀನ ಒಬ್ಬನ್ನೇ ಬಿಟ್ಟು ಬಂದ್ವಲ್ಲೇ."

ಮರುದಿನ ಮಧ್ಯಾಹ್ನ ಅದೇ ಕಂಬ, ಅದೇ ಮಳೆ. ಬಿಟ್ಟ ಸಾಲುಗಳನ್ನು ಒಂದೂ ತಪ್ಪಿಸದೆ ಓದಿದೆ. ಅಜ್ಜಿ ಅಷ್ಟು ಹೊತ್ತೂ ಹರಿವಾಣಕ್ಕೆ ಕೈ ಹಾಕಲಿಲ್ಲ. ಪೊರೆ ಬಂದ ಕಣ್ಣಿನಿಂದ ನೀರಿಳಿದು ಕೆನ್ನೆಯ ಮೇಲೆ ನಿಂತಿತ್ತು, ಅದನ್ನು ಒರೆಸಲೂ ಇಲ್ಲ. ನಾನು ಪುಸ್ತಕ ಮುಚ್ಚಲು ಹೋದಾಗ ಅವಳ ಕೈ ಬಂದು ಹಾಳೆಯ ಮೇಲೆ ಕೂತಿತು.

"ಇನ್ನೊಂದ್ಸಲ ಓದು" ಎಂದಳು.

ಓದಿದೆ.